ಪರಿಸರದ ಮೇಲೆ ಪಿಎಚ್‌.ಡಿ ಮಾಡುವವರಿಗೆ: ಮೊದಲ ಸ್ಯಾಂಪಲ್ ತೆಗೆಯುವ ಮುಂಚೆ

ಹದಿನಾಲ್ಕು ತಿಂಗಳು ನಾನು ಒಂದೇ ಹೊಳೆಗೆ ಹೋಗಿ ಬಂದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ನೀರು ಆ ಹೊಳೆಗೆ ಸೇರುತ್ತಿತ್ತು. ಸೇರುವ ಜಾಗದ ಮೇಲ್ಗಡೆ ಆರು ಸ್ಯಾಂಪಲ್, ಕೆಳಗಡೆ ಆರು ಸ್ಯಾಂಪಲ್. ತಿಂಗಳಿಗೆ 12, ಒಟ್ಟು 168 ಬಾಟಲಿ. ಒಂದೊಂದು ಬಾಟಲಿಯ ಕೆಸರನ್ನೂ ಬಿಳಿ ಟ್ರೇಗೆ ಸುರಿದು, ಚಿಮಟದಿಂದ ಹುಳು ಆರಿಸಿ, ಮೈಕ್ರೋಸ್ಕೋಪಿನಡಿ ಗುರುತಿಸಿ ಎಣಿಸಿದೆ. ಒಂದು ಬಾಟಲಿಗೆ ಕಡಿಮೆ ಅಂದ್ರೂ ಮೂರು ಗಂಟೆ. ಮೇಲ್ಗಡೆ ಶುದ್ಧ ನೀರು ಬೇಡುವ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಅನ್ನುವ ಕೀಟಗಳ ಮರಿಗಳು ಬೇಕಾದಷ್ಟು ಸಿಗುತ್ತಿದ್ದವು. ಕೆಳಗಡೆ ಬರೀ ಕೊಳಕು ನೀರಲ್ಲೂ ಬದುಕುವ ಕೆಂಪು ಕೈರೊನೊಮಸ್ ಮರಿಗಳು. ಇನ್ನೇನು, ಥೀಸಿಸ್ ಮುಗಿದ ಹಾಗೇ ಅಂದುಕೊಂಡಿದ್ದೆ.

ಲೆಕ್ಕ ತೋರಿಸೋಣ ಅಂತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಹತ್ತಿರ ಹೋದೆ. ಅವರು ಹಾಳೆಗಳನ್ನು ತಿರುವಿ ಹಾಕಿ ಒಂದೇ ಮಾತು ಕೇಳಿದರು.

“ಎಷ್ಟು ಹೊಳೆ ನೋಡಿದ್ದೀಯಮ್ಮಾ?”

“ಒಂದು ಸರ್.”

“ಹಾಗಾದ್ರೆ ನಿನ್ನ ಹತ್ತಿರ ಇರೋದು 168 ಅಲ್ಲ. ಒಂದು.”

ಅವರು ಹೇಳಿದ್ದು ಅರ್ಥವಾಗೋಕೆ ನನಗೆ ಒಂದು ವಾರ ಬೇಕಾಯಿತು. ಆ ಹೊಳೆಯ ಮೇಲ್ಗಡೆ ಕಲ್ಲು ಜಾಸ್ತಿ, ಮರದ ನೆರಳು ಜಾಸ್ತಿ. ಕೆಳಗಡೆ ಮರಳು, ಬಿಸಿಲು. ಮೇಫ್ಲೈ ಕಡಿಮೆಯಾಗಿದ್ದು ಬಣ್ಣದ ನೀರಿಂದಲೋ, ಮರಳಿಂದಲೋ? ಒಂದೇ ಹೊಳೆಯಿಂದ ಸಾವಿರ ಬಾಟಲಿ ತಂದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಎರಡು ಜಾಗಗಳ ವಿಷಯ ಮಾತ್ರ ಚೆನ್ನಾಗಿ ತಿಳಿಯುತ್ತದೆ, ಅಷ್ಟೇ. ಇದಕ್ಕೆ ಸೂಡೋರೆಪ್ಲಿಕೇಶನ್ ಅಂತ ಹೆಸರು. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದು, ಬೇರೆ ಬೇರೆ ವಸ್ತು ಅಳೆದೆ ಅಂತ ಲೆಕ್ಕ ಹಾಕುವುದು. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಅನ್ನುವ ವಿಜ್ಞಾನಿ ಪ್ರಕಟವಾಗಿದ್ದ 176 ಪ್ರಯೋಗಗಳನ್ನು ತೆಗೆದು ನೋಡಿದರು. ಶೇಕಡ 27ರಲ್ಲಿ ಈ ತಪ್ಪಿತ್ತು. ಅಂಕಿ-ಅಂಶದ ಪರೀಕ್ಷೆ ಹಾಕಿದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡರೆ ಶೇಕಡ 48.

ಆಮೇಲೆ ನಾನು ಮಾಡಿದ್ದು ಇದು. ಅಂಥದ್ದೇ ನೀರು ಸೇರುವ ಇನ್ನೂ ನಾಲ್ಕು ಹೊಳೆ ಹುಡುಕಿದೆ. ಏನೂ ಸೇರದ ಐದು ಹೊಳೆ ಹುಡುಕಿದೆ. ಏನೂ ಸೇರದ ಹೊಳೆಯಲ್ಲೂ ಅಷ್ಟೇ ದೂರದಲ್ಲಿ ಮೇಲೊಂದು, ಕೆಳಗೊಂದು ಜಾಗ ಗುರುತು ಮಾಡಿದೆ. ಒಂದು ಜಾಗದಿಂದ ಎರಡೇ ಬಾಟಲಿ, ವರ್ಷಕ್ಕೆ ನಾಲ್ಕೇ ಸಲ. ಲೆಕ್ಕ ಹಾಕಿ ನೋಡಿ, 160 ಬಾಟಲಿ. ಮೊದಲಿಗಿಂತ ಎಂಟು ಕಡಿಮೆ! ಆದರೆ ಈ ಸಲ ಉತ್ತರ ಗಟ್ಟಿಯಾಗಿ ನಿಂತಿತು. ಶುದ್ಧ ಹೊಳೆಗಳಲ್ಲೂ ಕೆಳಕ್ಕೆ ಹೋದಂತೆ ಸ್ಟೋನ್‌ಫ್ಲೈ ಸ್ವಲ್ಪ ಕಡಿಮೆಯಾಗುತ್ತಿದ್ದವು. ನಾನು ಪೂರ್ತಿ ಬಣ್ಣದ ತಲೆಗೆ ಕಟ್ಟಿದ್ದ ತಪ್ಪಿನಲ್ಲಿ ಒಂದು ಪಾಲು ಬಣ್ಣದ್ದಾಗಿರಲೇ ಇಲ್ಲ.

ಅನ್ವಯಿಕ ಜೀವವಿಜ್ಞಾನ, ಪರಿಸರ ರಕ್ಷಣೆ ಅಂತ ಡಾಕ್ಟರೇಟ್‌ಗೆ ಸೇರುವವರಿಗೆ ನಾನು ಹೇಳಬೇಕಾದದ್ದು ಬಹುಪಾಲು ಈ ಒಂದು ಘಟನೆಯಲ್ಲೇ ಇದೆ. ಯಾವುದನ್ನು ಯಾವುದಕ್ಕೆ ಹೋಲಿಸುತ್ತೀರಿ ಅಂತ ಮೊದಲ ಸ್ಯಾಂಪಲ್‌ಗಿಂತ ಮುಂಚೆ ಬರೆದಿಡಿ. ಉಳಿದ ಕೆಲಸ ಅದರ ಹಿಂದೆ ಬರುತ್ತದೆ.

ಪ್ರಶ್ನೆ ಆರಿಸುವುದು

ಈ ವಿಭಾಗದಲ್ಲಿ ವಿಷಯಗಳಿಗೆ ಬರವಿಲ್ಲ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ, ಕೀಟನಾಶಕದ ವಿಷ, ಗಾಳಿಯ ಗುಣ ಹೇಳುವ ಕಲ್ಲುಹೂವು, ಕೊಳಚೆ ನೀರು ಸೋಸುವ ಜೊಂಡು, ಗಣಿ ಮುಗಿದ ನೆಲದಲ್ಲಿ ಮತ್ತೆ ಗಿಡ ಬೆಳೆಸುವುದು. ಯಾವುದಾದರೂ ಆಗಬಹುದು. ನಾನು ಒಂದೇ ಪರೀಕ್ಷೆ ಇಡುತ್ತೇನೆ: ಈ ಪ್ರಶ್ನೆಯ ಉತ್ತರಕ್ಕಾಗಿ ಲ್ಯಾಬಿನ ಹೊರಗೆ ಯಾರಾದರೂ ಕಾಯುತ್ತಿದ್ದಾರಾ? ನದಿ ನೋಡಿಕೊಳ್ಳುವ ಎಂಜಿನಿಯರ್, ರೈತ, ಮೀನುಗಾರ, ಕಾನೂನು ಬರೆಯುವ ಅಧಿಕಾರಿ, ಯಾರಾದರೂ ಸರಿ. ಒಬ್ಬರ ಹೆಸರನ್ನೂ ಬರೆಯಲಾಗದಿದ್ದರೆ ಪ್ರಶ್ನೆಯನ್ನು ಇನ್ನೊಂದು ತಿಂಗಳು ಯೋಚಿಸಿ.

ನನಗೆ ಅತಿ ಇಷ್ಟದ ಉದಾಹರಣೆ ರಣಹದ್ದುಗಳದ್ದು. 1990ರ ದಶಕದಲ್ಲಿ ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳು ಗುಂಪುಗುಂಪಾಗಿ ಸಾಯತೊಡಗಿದವು. ಯಾವುದೋ ವೈರಸ್ ಇರಬೇಕು ಅಂತ ತುಂಬ ಜನ ನಂಬಿದ್ದರು. ಪಾಕಿಸ್ತಾನದಲ್ಲಿ ಕೆಲಸ ಮಾಡಿದ ತಂಡವೊಂದು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿತು. ಹೆಚ್ಚಿನವುಗಳ ಒಳ ಅಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಪದರ ಕಟ್ಟಿತ್ತು. ಅಂದರೆ ಕಿಡ್ನಿ ಕೆಲಸ ನಿಲ್ಲಿಸಿತ್ತು. ದನಗಳಿಗೆ ನೋವಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿ ಇರಬಹುದಾ ಅಂತ ಅನುಮಾನ ಬಂತು. ಕಿಡ್ನಿ ಕೆಟ್ಟು ಸತ್ತ 25 ಹಕ್ಕಿಗಳನ್ನು ಪರೀಕ್ಷಿಸಿದರು, ಅಷ್ಟರಲ್ಲೂ ಔಷಧಿ ಸಿಕ್ಕಿತು. ಅಲ್ಲಿಗೇ ನಿಲ್ಲಿಸಲಿಲ್ಲ. ಬೇರೆ ಕಾರಣಕ್ಕೆ ಸತ್ತ 13 ಹಕ್ಕಿಗಳನ್ನೂ ಅದೇ ರೀತಿ ಪರೀಕ್ಷಿಸಿದರು. ಒಂದರಲ್ಲೂ ಔಷಧಿ ಇರಲಿಲ್ಲ.

ಆ 13 ಹಕ್ಕಿಗಳನ್ನು ನಾನು ಮರೆಯುವುದಿಲ್ಲ. ಅವು ಇಲ್ಲದಿದ್ದರೆ “ಎಲ್ಲ ಹದ್ದುಗಳಲ್ಲೂ ಇದು ಇರುತ್ತೇನೋ” ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಆಮೇಲೆ ಔಷಧಿ ಕೊಟ್ಟ ಪ್ರಾಣಿಯ ಮಾಂಸ ತಿನ್ನಿಸಿಯೂ ನೋಡಿದರು, ಅದೇ ರೋಗ ಬಂತು. 2004ರಲ್ಲಿ ಇದು ಪ್ರಕಟವಾಯಿತು. 2006ರಲ್ಲಿ ಇನ್ನೊಂದು ತಂಡ ಮೆಲಾಕ್ಸಿಕಾಮ್ ಅನ್ನುವ ಔಷಧಿ ಹದ್ದುಗಳಿಗೆ ಅಪಾಯವಿಲ್ಲ ಅಂತ ತೋರಿಸಿತು. ಅದೇ ವರ್ಷ ಭಾರತ, ನೇಪಾಳ, ಪಾಕಿಸ್ತಾನಗಳು ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದರ ಮೇಲೆ ನಿಷೇಧಕ್ಕೆ ಕ್ರಮ ತೆಗೆದುಕೊಂಡವು. ಇದನ್ನು ಬಿಡಿ ಅಂತ ಹೇಳುವುದರ ಜೊತೆಗೆ ಇದರ ಬದಲು ಇದನ್ನು ಕೊಡಿ ಅಂತಲೂ ಹೇಳಲು ಆಯಿತು. ದನ ಸಾಕುವವನಿಗೂ ದಾರಿ ಬೇಕಲ್ವಾ? ನಿಮ್ಮ ಪ್ರಪೋಸಲ್‌ನಲ್ಲಿ ಆ ಎರಡನೆಯ ಭಾಗಕ್ಕೂ ಒಂದು ಅಧ್ಯಾಯ ಇಡಿ. ನನ್ನದರಲ್ಲಿ ಇರಲಿಲ್ಲ. ಆಮೇಲೆ ಸೇರಿಸಿದೆ.

ಗೈಡ್ ಮತ್ತು ಲ್ಯಾಬ್

ಗೈಡ್‌ನ ಪೇಪರ್‌ಗಳ ಪಟ್ಟಿ ನೋಡಿ ಮಾರುಹೋಗಬೇಡಿ. ಅವರ ಹತ್ತಿರ ಪಿಎಚ್‌.ಡಿ ಮುಗಿಸಿದ ಇಬ್ಬರ ಜೊತೆ ಮಾತಾಡಿ. ಅರ್ಧಕ್ಕೆ ಬಿಟ್ಟು ಹೋದವರು ಇದ್ದರೆ ಅವರ ಜೊತೆಯೂ ಮಾತಾಡಿ. ಇಲ್ಲೂ ಹೋಲಿಕೆ ಬೇಕು. ಮುಗಿಸಿದವರನ್ನು ಮಾತ್ರ ಕೇಳಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ.

ಕೇಳಬೇಕಾದದ್ದು ದೊಡ್ಡ ಪ್ರಶ್ನೆಗಳಲ್ಲ. ಒಂದು ಅಧ್ಯಾಯ ಬರೆದು ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಫೀಲ್ಡಿಗೆ ಜೊತೆಗೆ ಯಾರು ಬರುತ್ತಾರೆ? ಸ್ಯಾಂಪಲ್‌ನಲ್ಲಿರುವ ರಾಸಾಯನಿಕ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ನಮ್ಮದಾ, ಬೇರೆ ವಿಭಾಗದ್ದಾ? ಕೆಟ್ಟರೆ ರಿಪೇರಿಗೆ ದುಡ್ಡು ಯಾರ ಲೆಕ್ಕದಲ್ಲಿ? ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು? ಈ ಐದಕ್ಕೆ ನೇರ ಉತ್ತರ ಕೊಡುವ ಗೈಡ್ ಸಿಕ್ಕರೆ ಸೇರಿ.

ಕೋರ್ಸ್‌ವರ್ಕ್, ಕಮಿಟಿ, ವರ್ಷದ ಪ್ರಗತಿ ವರದಿ ಇವೆಲ್ಲ ಒಂದೊಂದು ಕಡೆ ಒಂದೊಂದು ಥರ ಇರುತ್ತವೆ. ನಿಯಮಾವಳಿಯನ್ನು ಸೇರಿದ ಮೊದಲ ವಾರವೇ ಪೂರ್ತಿ ಓದಿ ಮುಗಿಸಿ. ಕೋರ್ಸ್‌ಗಳಲ್ಲಿ ಆಯ್ಕೆ ಇದ್ದರೆ ಪ್ರಯೋಗ ವಿನ್ಯಾಸದ ಸ್ಟ್ಯಾಟಿಸ್ಟಿಕ್ಸ್ ತಗೊಳ್ಳಿ, ಮೊದಲ ಸೆಮಿಸ್ಟರ್‌ನಲ್ಲೇ.

ಖಾಲಿ ಗ್ರಾಫ್ ಬರೆಯಿರಿ

ಇದು ಮೇಷ್ಟ್ರು ಕಲಿಸಿದ ಅಭ್ಯಾಸ. ಡೇಟಾ ಇನ್ನೂ ಇಲ್ಲದಿರುವಾಗಲೇ ಥೀಸಿಸ್‌ನ ಮುಖ್ಯ ಗ್ರಾಫನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅಡ್ಡಗೆರೆಯಲ್ಲಿ ಏನು, ಉದ್ದಗೆರೆಯಲ್ಲಿ ಏನು, ಯಾವ ಘಟಕದಲ್ಲಿ? ಎಷ್ಟು ಚುಕ್ಕೆ? ಒಂದು ಚುಕ್ಕೆ ಅಂದರೆ ಏನು: ಒಂದು ಬಾಟಲಿಯಾ, ಒಂದು ಹೊಳೆಯಾ, ಒಂದು ತೊಟ್ಟಿಯಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬರೆದರೆ ನನಗಾದ ತೊಂದರೆ ನಿಮಗೆ ಆಗುವುದಿಲ್ಲ. ಒಂದೇ ತೊಟ್ಟಿಯಲ್ಲಿ 30 ಮೀನಿದ್ದರೆ ಚುಕ್ಕೆ 30 ಅಲ್ಲ, ಒಂದು. ಆ ತೊಟ್ಟಿಯ ಹೀಟರ್ ಕೆಟ್ಟರೆ 30ಕ್ಕೂ ಒಟ್ಟಿಗೇ ಕೆಟ್ಟಿತು.

ಆಮೇಲೆ ಎರಡು ಥರದ ಗ್ರಾಫ್ ಬರೆಯಿರಿ. ನೀವು ಅಂದುಕೊಂಡಿದ್ದು ನಿಜವಾದರೆ ಹೇಗಿರುತ್ತದೆ, ಸುಳ್ಳಾದರೆ ಹೇಗಿರುತ್ತದೆ. ಎರಡೂ ಒಂದೇ ಥರ ಕಂಡರೆ ಆ ಪ್ರಯೋಗ ಮಾಡುವುದು ದಂಡ.

ಕಾರ್ಖಾನೆ, ಅಣೆಕಟ್ಟು, ಶುದ್ಧೀಕರಣ ಘಟಕ ಇನ್ನೂ ಶುರುವಾಗಿಲ್ಲ ಅಂತ ಗೊತ್ತಾದರೆ ಅದು ದೊಡ್ಡ ಅದೃಷ್ಟ. ಶುರುವಾಗುವ ಮುಂಚೆಯೂ ಅಳೆಯಿರಿ, ಶುರುವಾದ ಮೇಲೂ ಅಳೆಯಿರಿ. ಅದೇ ಹೊತ್ತಿನಲ್ಲಿ ಅದರ ಪ್ರಭಾವ ತಲುಪದ ಜಾಗಗಳಲ್ಲೂ ಅಳೆಯಿರಿ. ಇಷ್ಟು ಒಳ್ಳೆ ಹೋಲಿಕೆ ಫೀಲ್ಡ್ ಕೆಲಸದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಅನುಮತಿಗಳು

ಮೀನು, ಹಕ್ಕಿ, ಕಪ್ಪೆ ಮುಟ್ಟುವುದಿದ್ದರೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ರಕ್ಷಿತ ಪ್ರದೇಶವಾದರೆ ಅದಕ್ಕೆ ಬೇರೆ. ಬೇರೆ ದೇಶದ ಜೀವಿಯ ಜೀನ್‌ಗಳ ಮೇಲೆ ಕೆಲಸವಾದರೆ 2014ರಿಂದ ಜಾರಿಯಲ್ಲಿರುವ ನಗೋಯಾ ಒಪ್ಪಂದದ (ಜೀವಿಗಳ ಬಳಕೆಯ ಲಾಭವನ್ನು ಅವು ಬಂದ ದೇಶದ ಜೊತೆ ಹಂಚಿಕೊಳ್ಳುವ ಅಂತಾರಾಷ್ಟ್ರೀಯ ಒಪ್ಪಂದ) ಕಾಗದಪತ್ರ ಬೇಕಾಗಬಹುದು. ನನಗೆ ಒಂದು ಅನುಮತಿ ಬರುವುದಕ್ಕೇ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಋತು ಕಳೆದುಹೋಯಿತು. ಹಾಗಾಗಿ ಅರ್ಜಿಯನ್ನು ಪ್ರಪೋಸಲ್ ಜೊತೆಗೇ ಹಾಕಿ.

ಫೀಲ್ಡಿನಲ್ಲಿ

ಬಾಟಲಿಯ ಹೊರಗೆ ಪೆನ್ನಲ್ಲಿ ಬರೆದರೆ ಸಾಲದು. ಆಲ್ಕೊಹಾಲ್ ಸೋರಿದರೆ ಶಾಯಿ ಅಳಿಸಿಹೋಗುತ್ತದೆ. ದಪ್ಪ ಕಾಗದದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ಸಿಲ್ ಗೆರೆ ಆಲ್ಕೊಹಾಲ್‌ನಲ್ಲಿ ಹೋಗುವುದಿಲ್ಲ. ಜಾಗ, ತಾರೀಕು, ಗಂಟೆ, ತೆಗೆದವರ ಹೆಸರು, ಎಷ್ಟನೆಯ ಬಾಟಲಿ. ನಾನು ನಂಬರ್ ಮಾತ್ರ ಬರೆದು, ವಿವರ ನೋಟ್‌ಬುಕ್‌ನಲ್ಲಿಡುತ್ತಿದ್ದೆ. ಒಂದು ದಿನ ಆ ನೋಟ್‌ಬುಕ್ ನೀರಿಗೆ ಬಿತ್ತು. ಸಿಕ್ಕಿತು, ಪುಣ್ಯ. ಆದರೆ ಮೂರು ಪುಟ ಓದಲಾಗಲಿಲ್ಲ. ಆ ಮೂರು ಪುಟದ ಬಾಟಲಿಗಳನ್ನು ಎಸೆಯಬೇಕಾಯಿತು.

ಮುಂದೆ ಎಂದಾದರೂ ಡಿಎನ್‌ಎ ನೋಡಬೇಕಾಗಬಹುದು ಅನ್ನಿಸಿದರೆ ಫಾರ್ಮಲಿನ್ ಬೇಡ. ಶೇಕಡ 95ರ ಎಥನಾಲ್‌ನಲ್ಲಿಡಿ. ಹುಳು ಹಿಡಿಯುವಾಗ ಯಾವಾಗಲೂ ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲೆ ಮೊದಲು ಕಲಕಿದರೆ ಅಲ್ಲಿನ ಹುಳು, ಕೆಸರು ಎಲ್ಲ ಹರಿದು ಕೆಳಗಿನ ಬಲೆಗೆ ಬರುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಈಗ ಎಲ್ಲರೂ ಮೀಟರ್‌ನಲ್ಲಿ ಅಳೆಯುತ್ತಾರೆ. ಆದರೂ ವಿಂಕ್ಲರ್ ವಿಧಾನವನ್ನು ಕೈಯಾರೆ ಒಮ್ಮೆ ಕಲಿಯಿರಿ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ತೋರಿಸಿಕೊಟ್ಟ ವಿಧಾನ ಇದು, ಇವತ್ತಿಗೂ ಮೀಟರ್ ಸರಿ ಇದೆಯಾ ಅಂತ ನೋಡುವುದಕ್ಕೆ ಬಳಕೆಯಲ್ಲಿದೆ. ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಇಲ್ಲದ ಹಾಗೆ ನೀರಿಂದ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಹಿಂದೆಯೇ ಕ್ಷಾರ ಬೆರೆಸಿದ ಅಯೋಡೈಡ್. ಮುಚ್ಚಳ ಹಾಕಿ ಮೇಲೆ ಕೆಳಗೆ ಮಾಡಿದರೆ ಒಳಗೆ ಕಂದು ಬಣ್ಣದ ಮೋಡ ಎದ್ದು ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಆ ಕಂದು ಬಣ್ಣವೇ ಆಮ್ಲಜನಕ ಇದೆ ಅನ್ನುವುದಕ್ಕೆ ಸಾಕ್ಷಿ. ನಮ್ಮ ಹೊಳೆಯಲ್ಲಿ ಒಂದು ನಸುಕಿನಲ್ಲಿ, ಕಾರ್ಖಾನೆಯ ನೀರು ಸೇರುವಲ್ಲಿ ತುಂಬಿದ ಬಾಟಲಿಯಲ್ಲಿ ಎದ್ದ ಮೋಡ ಕಂದಾಗಲೇ ಇಲ್ಲ. ಹಾಲಿನ ಹಾಗೆ ಬಿಳಿಯಾಗಿ ಇಳಿಯಿತು. ಬಿಳಿ ಅಂದರೆ ಆಮ್ಲಜನಕ ಇಲ್ಲ. ಮೀಟರ್‌ನಲ್ಲಿ ಅಂಕಿ ನೋಡಿ ಅಭ್ಯಾಸವಾಗಿದ್ದ ನನಗೆ ಅವತ್ತು ಆ ಬಾಟಲಿ ಹಿಡಿದುಕೊಂಡು ಅಳು ಬಂತು.

ನಸುಕಿನಲ್ಲಿ ಯಾಕೆ ಹೋಗಿದ್ದೆ ಅಂತಲೂ ಹೇಳಬೇಕು. ಹಗಲು ಪಾಚಿ, ಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿಯಿಡೀ ಎಲ್ಲ ಜೀವಿಗಳೂ ಅದನ್ನು ಬಳಸುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಅದು ತೀರ ಕಡಿಮೆ ಇರುತ್ತದೆ. ತಾಪಮಾನಕ್ಕೂ ಬದಲಾಗುತ್ತದೆ: ಒಂದು ಲೀಟರ್ ಶುದ್ಧ ನೀರು 0 ಡಿಗ್ರಿಯಲ್ಲಿ ಸುಮಾರು 14.6 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 25 ಡಿಗ್ರಿಯಲ್ಲಿ ಸುಮಾರು 8.3 ಮಾತ್ರ. ಮೊದಲ ವರ್ಷ ನಾನು ಕೆಳಗಿನ ಜಾಗಕ್ಕೆ ಬೆಳಿಗ್ಗೆ ಏಳಕ್ಕೆ, ಮೇಲಿನ ಜಾಗಕ್ಕೆ ಮಧ್ಯಾಹ್ನಕ್ಕೆ ಹೋಗುತ್ತಿದ್ದೆ. ಜಾಗಗಳನ್ನು ಹೋಲಿಸುತ್ತಿದ್ದೇನೆ ಅಂದುಕೊಂಡು ಬೆಳಿಗ್ಗೆಯನ್ನು ಮಧ್ಯಾಹ್ನಕ್ಕೆ ಹೋಲಿಸುತ್ತಿದ್ದೆ. ಇಬ್ಬರು ಒಂದೇ ಹೊತ್ತಿಗೆ ಎರಡು ಕಡೆ ಇಳಿಯಿರಿ, ಅಥವಾ ಎರಡು ಕಡೆಯೂ ತಾನೇ ಅಳೆದು ಬರೆದಿಟ್ಟುಕೊಳ್ಳುವ ಲಾಗರ್ ಇಟ್ಟು ಬನ್ನಿ.

ಒಬ್ಬರೇ ನೀರಿಗೆ ಇಳಿಯಲೇಬೇಡಿ. ಕೈಕಾಲಲ್ಲಿ ಗಾಯ ಇದ್ದರೆ ಗ್ಲೌಸ್, ಉದ್ದದ ಬೂಟು ಇಲ್ಲದೆ ಇಳಿಯಬೇಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೋಸ್ಪೈರೋಸಿಸ್ ಬರುತ್ತದೆ. ಫೀಲ್ಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ನೀರಿಗೆ ಇಳಿದಿದ್ದನ್ನು ಮೊದಲು ಹೇಳಿ.

ಲ್ಯಾಬಿನಲ್ಲಿ

ನೀರಿನ ವಿಷ ಅಳೆಯುವುದಕ್ಕೆ ಡಾಫ್ನಿಯಾ ಅನ್ನುವ ಪುಟಾಣಿ ನೀರಿನ ಜೀವಿಯನ್ನು ಲೋಕದೆಲ್ಲೆಡೆ ಬಳಸುತ್ತಾರೆ. ಹುಟ್ಟಿ 24 ಗಂಟೆಯೊಳಗಿನ ಮರಿಗಳು, ಕಡಿಮೆ ಅಂದ್ರೂ ಐದು ಸಾಂದ್ರತೆ, ಒಂದೊಂದಕ್ಕೆ 20 ಮರಿ, 48 ಗಂಟೆ. ಎಷ್ಟು ಮರಿಗಳು ಈಜುವುದನ್ನು ನಿಲ್ಲಿಸಿದವು ಅಂತ ಎಣಿಸುವುದು. ಇಂಥ ಪರೀಕ್ಷೆಗಳಿಗೆ ನಿಯಮ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಓಇಸಿಡಿಯ 202ನೇ ಮಾರ್ಗಸೂಚಿಯಲ್ಲಿ ನನಗೆ ತುಂಬ ಹಿಡಿಸಿದ ನಿಯಮವೊಂದಿದೆ. ವಿಷವೇ ಇಲ್ಲದ ಕಂಟ್ರೋಲ್ ನೀರಿನಲ್ಲಿ ಶೇಕಡ 10ಕ್ಕಿಂತ ಜಾಸ್ತಿ ಮರಿಗಳು ನಿಂತುಹೋದರೆ ಇಡೀ ಪರೀಕ್ಷೆ ಲೆಕ್ಕಕ್ಕಿಲ್ಲ. ಉಳಿದ ಅಂಕಿಗಳು ಎಷ್ಟು ಚೆನ್ನಾಗಿ ಬಂದಿದ್ದರೂ ಸರಿ, ಚೆಲ್ಲಬೇಕು. ನಾನು ಮೂರು ಸಲ ಚೆಲ್ಲಿದ್ದೇನೆ. ನಾಲ್ಕನೆಯ ಸಲ ಕಾರಣ ಸಿಕ್ಕಿತು, ಹೊಸ ಪ್ಲಾಸ್ಟಿಕ್ ಟ್ಯೂಬು. ಅದನ್ನು ಗಾಜಿಗೆ ಬದಲಿಸಿದ ಮೇಲೆ ಮರಿಗಳು ಉಳಿದವು.

ಬ್ಲಾಂಕ್, ಅಂದರೆ ಏನೂ ಇರಬಾರದ ಸ್ಯಾಂಪಲ್, ಅದರ ಬಗ್ಗೆಯೂ ಇದೇ ಮಾತು. ಫೀಲ್ಡಿಗೆ ಹೋಗುವಾಗ ಒಂದು ಬಾಟಲಿ ಶುದ್ಧ ನೀರು ತಗೊಂಡು ಹೋಗಿ, ಅಲ್ಲಿ ಮುಚ್ಚಳ ತೆಗೆದು, ಸ್ಯಾಂಪಲ್‌ಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡಿ ವಾಪಸ್ ತನ್ನಿ. ನನ್ನ ಮೊದಲ ಬ್ಲಾಂಕ್‌ನಲ್ಲಿ ಸತು ಸಿಕ್ಕಿತು, ಅದೂ ಹೊಳೆಯ ನೀರಿನಷ್ಟೇ. ಪುಡಿ ಹಾಕಿದ ರಬ್ಬರ್ ಗ್ಲೌಸ್‌ನಿಂದ ಬಂದದ್ದು. ಆ ಒಂದು ಬಾಟಲಿ ಇಲ್ಲದಿದ್ದರೆ ಕಾರ್ಖಾನೆ ಸತು ಬಿಡುತ್ತಿದೆ ಅಂತ ನಾನು ಬರೆದುಬಿಡುತ್ತಿದ್ದೆ. ಅದು ಸುಳ್ಳು ಆಪಾದನೆ ಆಗುತ್ತಿತ್ತು. ಪರಿಸರದ ಪರವಾಗಿ ಹೇಳುವ ಸುಳ್ಳೂ ಸುಳ್ಳೇ. ಅಂಥ ಒಂದು ತಪ್ಪು ಹೊರಬಿದ್ದರೆ ಆಮೇಲೆ ನಾವು ನಿಜ ಹೇಳಿದರೂ ಯಾರೂ ಕೇಳುವುದಿಲ್ಲ.

ಡೇಟಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೂಲ ಫೈಲನ್ನು ಮುಟ್ಟಬೇಡಿ. ತಿದ್ದುಪಡಿ ಎಲ್ಲ ಆರ್ ಅಥವಾ ಪೈಥಾನ್ ಕೋಡ್‌ನಲ್ಲಿ ಇರಲಿ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ.

ಬರೆಯುವುದು, ಹೊರಗೆ ಹೇಳುವುದು

ಮೆಥಡ್ಸ್ ಅಧ್ಯಾಯವನ್ನು ಕೆಲಸ ಮಾಡಿದ ದಿನವೇ ಬರೆಯಿರಿ. ಬಲೆಯ ಕಣ್ಣು 500 ಮೈಕ್ರಾನಾ, 250 ಮೈಕ್ರಾನಾ ಅನ್ನುವುದು ಮೂರು ವರ್ಷದ ಮೇಲೆ ನೆನಪಿರುವುದಿಲ್ಲ. ಅಂದುಕೊಂಡದ್ದು ಬರಲಿಲ್ಲ ಅನ್ನುವ ಫಲಿತಾಂಶವನ್ನೂ ಥೀಸಿಸ್‌ನಲ್ಲಿ ಇಡಿ. ನನ್ನ ವೈವಾದಲ್ಲಿ ಪರೀಕ್ಷಕರು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಆ 168 ಬಾಟಲಿಗಳ ಬಗ್ಗೆಯೇ. ನಾನು ಅವನ್ನು ಮುಚ್ಚಿಡದೆ ಒಂದು ಅಧ್ಯಾಯವಾಗಿ ಬರೆದಿದ್ದೆ: ಇದು ಯಾಕೆ ಸಾಲಲಿಲ್ಲ, ಆಮೇಲೆ ಏನು ಬದಲಾಯಿಸಿದೆ ಅಂತ.

ಪೇಪರ್ ಕಳಿಸುವ ಮುಂಚೆ ಆ ಜರ್ನಲ್‌ನ ಮೂರು ಪೇಪರ್ ಓದಿ. ಎರಡು ದಿನದಲ್ಲಿ ಒಪ್ಪಿಕೊಂಡು ದುಡ್ಡು ಕೇಳುವ ಜರ್ನಲ್‌ಗೆ ಕೊಡಬೇಡಿ.

ಆಮೇಲೆ, ಉತ್ತರಕ್ಕೆ ಕಾಯುತ್ತಿದ್ದ ಆ ವ್ಯಕ್ತಿಗೆ ಎರಡು ಪುಟ ಬರೆಯಿರಿ. ಅದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಬೇಡ. ಎಲ್ಲಿ, ಯಾವಾಗ, ಎಷ್ಟು, ಈಗ ಏನು ಮಾಡಬಹುದು. ನನ್ನ ಎರಡು ಪುಟ ಓದಿದ ಎಂಜಿನಿಯರ್ ಕೇಳಿದ್ದು ಒಂದೇ: “ನೀರು ಬಿಡುವ ಹೊತ್ತು ಬದಲಾಯಿಸಿದರೆ ಉಪಯೋಗ ಆಗುತ್ತಾ?” ಆ ಪ್ರಶ್ನೆಗೆ ನನ್ನ ಹತ್ತಿರ ನಸುಕಿನ ಅಂಕಿಗಳಿದ್ದವು. ಶುದ್ಧೀಕರಣ ಪೂರ್ತಿ ಆಗುವವರೆಗೆ ರಾತ್ರಿ ಬಿಡಬೇಡಿ, ಹಗಲು ಬಿಡಿ ಅಂತ ಹೇಳಲು ಆಯಿತು.

ಡಿಗ್ರಿ ಕೈಗೆ ಬಂದ ಮೇಲೆ ಲ್ಯಾಬ್ ಖಾಲಿ ಮಾಡುವಾಗ ಒಂದು ಕೆಲಸ ಉಳಿದಿರುತ್ತದೆ. ಗುರುತಿಸಿದ ಒಂದೊಂದು ಜಾತಿಯ ಎರಡು ಮೂರು ಮಾದರಿಗಳನ್ನು ಮ್ಯೂಸಿಯಂ ಅಥವಾ ವಿಭಾಗದ ಸಂಗ್ರಹಕ್ಕೆ ಕೊಡಿ. ನೀವು ಗುರುತಿಸಿದ್ದು ಸರಿಯಾ ಅಂತ ಮುಂದೆ ಯಾರಾದರೂ ನೋಡಬೇಕೆಂದರೆ ಹುಳು ಇರಬೇಕಲ್ವಾ? ಬಾಟಲಿಯ ಆಲ್ಕೊಹಾಲ್ ನಿಧಾನವಾಗಿ ಆರುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ನೋಡಿ ತುಂಬಬೇಕು. ಅದನ್ನು ಯಾರು ತುಂಬುತ್ತಾರೆ ಅಂತ ಕೇಳಿ, ಅವರ ಹೆಸರು ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ ಬನ್ನಿ.